ಒಂದು ಕೋಶದೊಳಗೆ ಅರವತ್ತು ಕಿಲೋಮೀಟರ್

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ರೈತರೊಬ್ಬರು 50 ಕೆ.ಜಿ. ಮಿಶ್ರತಳಿ ಗೂಡು ತಂದು ಜಾಲರಿಗೆ ಸುರಿದರು ಎಂದಿಟ್ಟುಕೊಳ್ಳಿ. ಒಂದು ಗೂಡಿನ ತೂಕ ಹೆಚ್ಚುಕಡಿಮೆ 1.8 ಗ್ರಾಂ. ಅಂದರೆ ಆ ಒಂದು ಲಾಟಿನಲ್ಲಿ 27 ಸಾವಿರಕ್ಕೂ ಮೀರಿ ಗೂಡುಗಳಿವೆ. ಒಂದೊಂದರಿಂದ 800 ಮೀಟರ್ ಎಳೆ ಬಿಚ್ಚಿದರೂ ಒಟ್ಟು 22 ಸಾವಿರ ಕಿಲೋಮೀಟರ್ ಆಯಿತು. ಇಂಥ ಎರಡು ಲಾಟು ಸೇರಿದರೆ ಭೂಮಿಗೆ ಒಂದು ಸುತ್ತು ಹಾಕಿ ಇನ್ನಷ್ಟು ನೂಲು ಕೈಯಲ್ಲಿ ಉಳಿಯುತ್ತದೆ.

ಎಳೆಯ ಉದ್ದದ ಈ ಲೆಕ್ಕವನ್ನು ರೇಷ್ಮೆ ಸೀಮೆಯವರು ಆಗಾಗ ಹೆಮ್ಮೆಯಿಂದ ಹೇಳುತ್ತಾರೆ, ಹೇಳಬೇಕಾದದ್ದೇ. ಆದರೆ ಅದೇ ಜಾಲರಿಯಲ್ಲಿ, ಅದೇ ಗೂಡಿನೊಳಗೆ, ಇದಕ್ಕಿಂತ ದೊಡ್ಡ ಲೆಕ್ಕವೊಂದು ನಡೆದಿರುತ್ತದೆ. ಅದನ್ನು ತಕ್ಕಡಿಯಲ್ಲಿ ತೂಗಲಾಗದು, ಹರಾಜು ಕೂಗಲಾಗದು. ನೂಲು ಕೊಟ್ಟ ಅಂಗವನ್ನು ಹುಳು ತಾನೇ ತಿಂದು ಮುಗಿಸುವ ಲೆಕ್ಕ ಅದು.

ಮೊದಲು ಕಟ್ಟುವುದನ್ನು ನೋಡೋಣ. ಮೊಟ್ಟೆಯೊಡೆದು ಬಂದ ಚಾಕಿ ಹುಳುವಿನ ತೂಕ ಅರ್ಧ ಮಿಲಿಗ್ರಾಮಿಗಿಂತ ಕಡಿಮೆ. ನಾಲ್ಕು ಜ್ವರ (ಪೊರೆ ಕಳಚುವ ಹಂತ) ಎದ್ದು, ಇಪ್ಪತ್ತೈದು ದಿನ ಸೊಪ್ಪು ತಿಂದು ಹಣ್ಣಾಗುವ ಹೊತ್ತಿಗೆ ಅದು ನಾಲ್ಕೈದು ಗ್ರಾಂ ತೂಗುತ್ತದೆ. ಹತ್ತು ಸಾವಿರ ಪಟ್ಟು ಬೆಳವಣಿಗೆ. ನೂರು ಚಿಟ್ಟೆಗಳ ಮೊಟ್ಟೆಯಿಂದ ಬಂದ ಹುಳಕ್ಕೆ, ಅಂದರೆ ನಲವತ್ತು ಸಾವಿರಕ್ಕೂ ಹೆಚ್ಚು ಹುಳಕ್ಕೆ, ಹತ್ತಿರ ಹತ್ತಿರ ಒಂದು ಟನ್ ಹಿಪ್ಪುನೇರಳೆ ಸೊಪ್ಪು ಬೇಕು. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಕೊನೆಯ ಹಂತದ ಏಳೆಂಟು ದಿನಗಳಲ್ಲೇ ಖರ್ಚಾಗುತ್ತದೆ. ಆ ವಾರ ರೇಷ್ಮೆ ಮನೆಯಲ್ಲಿ ನಿಂತರೆ ಸೊಪ್ಪು ಕಚ್ಚುವ ಸದ್ದು ಸಣ್ಣ ಮಳೆಯಂತೆ ಕೇಳುತ್ತದೆ ಎಂದು ಎಲ್ಲರೂ ಹೇಳುವುದು ನಿಜವೇ.

ಇಷ್ಟೆಲ್ಲ ಸೊಪ್ಪು ಹೋಗಿ ಸೇರುವುದು ಮುಖ್ಯವಾಗಿ ರೇಷ್ಮೆ ಗ್ರಂಥಿಗೆ. ಮೈಯ ಎರಡೂ ಬದಿಗೆ ಒಂದೊಂದು ಉದ್ದನೆಯ ನಳಿಕೆ. ಅದರ ಹಿಂಭಾಗದಲ್ಲಿ ನೂಲಿನ ತಿರುಳಾದ ಫೈಬ್ರೊಯಿನ್ ತಯಾರಾಗುತ್ತದೆ. ಹಿಂಭಾಗದಲ್ಲಿರುವ ಕೋಶಗಳು ಒಂದು ಗ್ರಂಥಿಗೆ ಸುಮಾರು 500, ಎರಡೂ ಸೇರಿ ಸಾವಿರ ಮಾತ್ರ. ನಮ್ಮ ರಕ್ತದ ಒಂದು ಘನ ಮಿಲಿಮೀಟರಿನಲ್ಲೇ 40–50 ಲಕ್ಷ ಕೆಂಪು ಕಣಗಳಿರುವಾಗ, ಇಲ್ಲಿ ಸಾವಿರ ಕೋಶ ಸೇರಿ ಒಂದು ಕಿಲೋಮೀಟರ್ ನೂಲಿನ ತಿರುಳನ್ನು ಕೊಡುತ್ತವೆ! ಈ ಸಂಖ್ಯೆ ಹುಳು ಮೊಟ್ಟೆಯಲ್ಲಿರುವಾಗಲೇ ನಿಗದಿಯಾಗಿರುತ್ತದೆ. ಆಮೇಲೆ ಒಂದು ಕೋಶವೂ ಹೊಸದಾಗಿ ಹುಟ್ಟುವುದಿಲ್ಲ. ಇರುವ ಕೋಶವೇ ಹಿಗ್ಗುತ್ತದೆ, ಒಡೆಯದೆ ತನ್ನ ಡಿಎನ್‌ಎಯನ್ನು ಮತ್ತೆ ಮತ್ತೆ ನಕಲು ಮಾಡಿಕೊಳ್ಳುತ್ತದೆ. ಹದಿನೇಳು ಹದಿನೆಂಟು ಬಾರಿ ದುಪ್ಪಟ್ಟಾದ ಮೇಲೆ ಒಂದೇ ಕೋಶದಲ್ಲಿ ಇಡೀ ಜಿನೋಮಿನ ಎರಡರಿಂದ ನಾಲ್ಕು ಲಕ್ಷ ಪ್ರತಿಗಳಿರುತ್ತವೆ.

ಇಲ್ಲಿ ಸ್ವಲ್ಪ ನಿಂತು ಗುಣಿಸಿ ನೋಡಬೇಕು. ರೇಷ್ಮೆಹುಳುವಿನ ಜಿನೋಮ್ ಸುಮಾರು 45 ಕೋಟಿ ಅಕ್ಷರಗಳದು. ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವಿನ ದೂರ 0.34 ನ್ಯಾನೋಮೀಟರ್. ಒಂದು ಪ್ರತಿಯನ್ನು ಬಿಡಿಸಿ ನೆಟ್ಟಗೆ ಎಳೆದರೆ 15 ಸೆಂಟಿಮೀಟರ್. ನಾಲ್ಕು ಲಕ್ಷ ಪ್ರತಿಗಳೆಂದರೆ 60 ಕಿಲೋಮೀಟರ್. ಬೆಂಗಳೂರಿನಲ್ಲಿ ಒಂದು ತುದಿ ಹಿಡಿದು ಹೊರಟರೆ ಚಿಕ್ಕಬಳ್ಳಾಪುರ ತಲುಪುವಷ್ಟು ಡಿಎನ್‌ಎ ಒಂದು ಹುಳುವಿನ, ಒಂದು ಗ್ರಂಥಿಯ, ಒಂದು ಕೋಶದಲ್ಲಿ ಸುತ್ತಿಕೊಂಡು ಕೂತಿದೆ. ಕಡಿಮೆ ಲೆಕ್ಕ ಹಿಡಿದು ಎರಡು ಲಕ್ಷ ಪ್ರತಿ ಎಂದುಕೊಂಡರೂ ಸಾವಿರ ಕೋಶಗಳಿಗೆ 30 ಸಾವಿರ ಕಿಲೋಮೀಟರ್. ಹುಳು ಹೊರಗೆ ಬಿಡುವ ಎಳೆ ಒಂದು ಕಿಲೋಮೀಟರ್, ಅದಕ್ಕಾಗಿ ಒಳಗೆ ಬರೆದಿಟ್ಟುಕೊಂಡ ಪಾಠ 30 ಸಾವಿರ ಕಿಲೋಮೀಟರ್!

ಆ ಪಾಠ ನೂಲಾಗುವ ವೇಗವೂ ಅಷ್ಟೇ ದಂಗುಬಡಿಸುವಂಥದ್ದು. 1970ರ ದಶಕದ ಮೊದಲಲ್ಲಿ ಯೊಶಿಯಾಕಿ ಸುಜುಕಿ, ಡೊನಾಲ್ಡ್ ಬ್ರೌನ್ ಮತ್ತು ಜೊತೆಗಾರರು ಇದನ್ನು ಅಳೆದರು. ಫೈಬ್ರೊಯಿನ್ ಜೀನಿನ ಒಂದು ಪ್ರತಿ ನಾಲ್ಕು ದಿನಗಳಲ್ಲಿ ಸುಮಾರು ಹತ್ತು ಸಾವಿರ ಸಂದೇಶವಾಹಕ ಆರ್‌ಎನ್‌ಎ ಹೊರಡಿಸುತ್ತದೆ. ಒಂದೊಂದು ಸಂದೇಶದಿಂದ ಒಂದು ಲಕ್ಷ ಫೈಬ್ರೊಯಿನ್ ಅಣುಗಳು ತಯಾರಾಗುತ್ತವೆ. ಒಂದು ಪ್ರತಿಗೆ ನೂರು ಕೋಟಿ ಅಣು. ಅಂಥ ಪ್ರತಿಗಳು ಕೋಶಕ್ಕೆ ಲಕ್ಷಗಟ್ಟಲೆ. ಒಂದೊಂದು ಅಣುವಿನಲ್ಲಿ 5,263 ಅಮೈನೊ ಆಮ್ಲಗಳ ಸರಪಳಿ.

ಹುಳು ಹಣ್ಣಾಯಿತು, ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟಾಯಿತು. ಎರಡು ಮೂರು ದಿನ ತಲೆಯಾಡಿಸುತ್ತ ನೂಲು ಸುತ್ತಿ ಮುಗಿಸುತ್ತದೆ. ಕಾರ್ಖಾನೆಯ ಕೆಲಸ ಅಲ್ಲಿಗೆ ಮುಗಿಯಿತು. ನಾವಾದರೆ ಬೀಗ ಹಾಕಿ ಬಿಡುತ್ತಿದ್ದೆವು. ಹುಳು ಹಾಗೆ ಮಾಡುವುದಿಲ್ಲ. ಹಳೆ ಮನೆ ಕೆಡವಿ ಅದೇ ಕಲ್ಲು, ಅದೇ ತೊಲೆಗಳಲ್ಲಿ ಹೊಸ ಮನೆ ಕಟ್ಟುವವರಂತೆ ಅದು ಗ್ರಂಥಿಯನ್ನು ಒಳಗಿಂದೊಳಗೇ ಕಳಚುತ್ತದೆ. ಕೋಶದೊಳಗೆ ಎರಡು ಪದರದ ಪೊರೆಯೊಂದು ಹುಟ್ಟಿ, ಬೇಡವಾದ ಸಾಮಗ್ರಿಯನ್ನು ಬಳಸಿ ಸುತ್ತಿ ಚೀಲವಾಗುತ್ತದೆ. ಚೀಲ ಹೋಗಿ ಜೀರ್ಣರಸ ತುಂಬಿದ ಲೈಸೊಸೋಮ್ ಜೊತೆ ಕೂಡಿಕೊಳ್ಳುತ್ತದೆ. ಒಳಗಿದ್ದದ್ದು ಕರಗಿ ಮತ್ತೆ ಕಚ್ಚಾ ಸಾಮಗ್ರಿಯಾಗಿ ಹೊರಬರುತ್ತದೆ. ಇದೇ ಆಟೊಫೇಜಿ, ಕೋಶ ತನ್ನನ್ನು ತಾನೇ ತಿಂದು ಅರಗಿಸಿಕೊಳ್ಳುವ ಕ್ರಿಯೆ. ಒಂದು ಚೀಲದ ಅಗಲ ಸುಮಾರು ಒಂದು ಮೈಕ್ರಾನ್. ಸಾವಿರ ಚೀಲ ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್. ಇಷ್ಟು ಸಣ್ಣ ಚೀಲಗಳು ಮೊದಲು ಕೆಲಸ ಶುರುಮಾಡುತ್ತವೆ, ಹಿಂದೆಯೇ ಕೋಶ ಸಾಯುವ ನಿಗದಿತ ಪ್ರಕ್ರಿಯೆ ಸೇರಿಕೊಳ್ಳುತ್ತದೆ. ಹುಳು ಪ್ಯೂಪಾ ಅವಸ್ಥೆಗೆ ಇಳಿದ ಒಂದೆರಡು ದಿನದಲ್ಲಿ ಆ ಮೂವತ್ತು ಸಾವಿರ ಕಿಲೋಮೀಟರ್ ಡಿಎನ್‌ಎ ಸಹಿತ ಗ್ರಂಥಿಯೇ ಇರುವುದಿಲ್ಲ.

ಚಂದ್ರಿಕೆಗೆ ಬಿಟ್ಟ ಐದಾರು ದಿನಕ್ಕೆ ರೈತರು ಗೂಡು ಬಿಡಿಸಿ ಮಾರುಕಟ್ಟೆಗೆ ತರುತ್ತಾರೆ. ಬಿಡಿಸುವ ಮೊದಲು ಒಂದು ಗೂಡನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುವುದುಂಟು. ಒಳಗೆ ಗಟ್ಟಿಯಾದ ಹುಳು ತಟ್ಟಿದ ಸದ್ದು ಬಂದರೆ ಗೂಡು ತಯಾರು. ಆ ಸದ್ದು ಕೇಳುವ ಹೊತ್ತಿಗೆ ಒಳಗೆ ಗ್ರಂಥಿಯ ಕೆಡವಾಟ ಮುಗಿಯುತ್ತ ಬಂದಿರುತ್ತದೆ. ಹಾಗೆ ಕೂಡಿಟ್ಟ ಸಾಮಗ್ರಿ ರೆಕ್ಕೆಗೆ, ಮೀಸೆಗೆ, ಮೊಟ್ಟೆಗೆ ಹೋಗಬೇಕು. ಯಾಕೆಂದರೆ ಚಿಟ್ಟೆ ಏನನ್ನೂ ತಿನ್ನುವುದಿಲ್ಲ. ಹೆಣ್ಣು ಚಿಟ್ಟೆ ಇಡುವ ನಾಲ್ಕುನೂರು ಐನೂರು ಮೊಟ್ಟೆಗಳೆಲ್ಲ ಹಿಂದೆ ತಿಂದ ಸೊಪ್ಪಿನಿಂದ, ಕಳಚಿದ ಅಂಗಗಳಿಂದ ಬಂದವು.

ಈ ಕೆಡವಾಟಕ್ಕೆ ಅಪ್ಪಣೆ ಕೊಡುವುದು ಎಕ್ಡೈಸೋನ್ ಎಂಬ ಹಾರ್ಮೋನು. 1954ರಲ್ಲಿ ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟ್ ಮತ್ತು ಪೀಟರ್ ಕಾರ್ಲ್‌ಸನ್ ಅದನ್ನು ಮೊದಲ ಬಾರಿಗೆ ಶುದ್ಧ ಹರಳಾಗಿ ತೆಗೆದದ್ದು ರೇಷ್ಮೆ ಪ್ಯೂಪಾಗಳಿಂದಲೇ. 500 ಕಿಲೋ ಪ್ಯೂಪಾ ಅರೆದರೆ ಸಿಕ್ಕಿದ್ದು 25 ಮಿಲಿಗ್ರಾಂ. ಎರಡು ಕೋಟಿಯಲ್ಲಿ ಒಂದು ಪಾಲು. ಗೂಡಿನ ತೂಕದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಪ್ಯೂಪಾವೇ ಆದ್ದರಿಂದ 500 ಕಿಲೋ ಎಂದರೆ ನಮ್ಮ ಹನ್ನೆರಡು ಹದಿಮೂರು ರೈತರ ಲಾಟು. ಅಷ್ಟರಿಂದ ಸಿಕ್ಕಿದ್ದು ಒಂದು ಚಿಟಿಕೆಗೂ ಸಾಲದ ಪುಡಿ. ಆ ಪುಡಿಯ ಅಪ್ಪಣೆಗೆ ಹುಳುವಿನ ಇಡೀ ದೇಹ ತಲೆಕೆಳಗಾಗುತ್ತದೆ.

ಈಗ ಪ್ರಶ್ನೆ: ಕೆಡವುವ ಕೆಲಸದಲ್ಲಿ ಯಾವ ಜೀನಿನ ಪಾತ್ರ ಏನು? ಆಟೊಫೇಜಿ ಎಂಬ ಹೆಸರನ್ನು ಕ್ರಿಸ್ಟಿಯನ್ ಡಿ ಡುವ್ ಕೊಟ್ಟದ್ದು 1963ರಲ್ಲಿ. ಜೀನುಗಳ ಪಟ್ಟಿ ಸಿಗಲು ಮೂವತ್ತು ವರ್ಷ ಹಿಡಿಯಿತು. 1993ರಲ್ಲಿ ಜಪಾನಿನ ಯೊಶಿನೊರಿ ಒಸುಮಿ ಯೀಸ್ಟಿನಲ್ಲಿ ಇಂಥ 15 ಜೀನುಗಳನ್ನು ಗುರುತಿಸಿದರು, 2016ರಲ್ಲಿ ನೊಬೆಲ್ ಪಡೆದರು. ಇಂದು ಎಟಿಜಿ ಎಂಬ ಹೆಸರಿನ ಮುಂದೆ ಸಂಖ್ಯೆ ಹಾಕಿಕೊಂಡ ಜೀನುಗಳು ನಲವತ್ತು ದಾಟಿವೆ. ಮನುಷ್ಯ, ಇಲಿ, ರೇಷ್ಮೆಹುಳು ಎಲ್ಲರಲ್ಲೂ ಇವುಗಳ ಸಂಬಂಧಿಗಳಿವೆ. ಒಂದು ಜೀನಿನ ಕೆಲಸ ತಿಳಿಯಲು ನೇರ ದಾರಿ ಅದರ ಬಾಯಿ ಮುಚ್ಚಿಸಿ ಏನು ನಿಲ್ಲುತ್ತದೆ ಎಂದು ನೋಡುವುದು.

ಬಾಯಿ ಮುಚ್ಚಿಸುವ ವಿದ್ಯೆಯನ್ನು 1998ರಲ್ಲಿ ಆಂಡ್ರೂ ಫೈರ್ ಮತ್ತು ಕ್ರೇಗ್ ಮೆಲ್ಲೊ ತೋರಿಸಿಕೊಟ್ಟರು. ಜೀನಿನ ಸಂದೇಶಕ್ಕೆ ಹೊಂದುವ ಜೋಡಿ ಎಳೆಯ ಆರ್‌ಎನ್‌ಎ ಕೋಶದೊಳಗೆ ಹೋದರೆ, ಕೋಶ ಅದನ್ನು ಸುಮಾರು 21 ಅಕ್ಷರಗಳ ತುಂಡುಗಳಾಗಿ ಕತ್ತರಿಸಿ, ಆ ತುಂಡನ್ನೇ ಗುರುತಾಗಿ ಇಟ್ಟುಕೊಂಡು ಹೊಂದುವ ಸಂದೇಶವನ್ನೆಲ್ಲ ಹುಡುಕಿ ಕಡಿಯುತ್ತದೆ. ಅವರು ಪ್ರಯೋಗಿಸಿದ ದುಂಡುಹುಳುವಿನಲ್ಲಿ ಕೋಶಕ್ಕೆ ಕೆಲವೇ ಅಣುಗಳು ಸಾಕಾಗಿದ್ದವು.

21 ಅಕ್ಷರ ತೀರಾ ಕಡಿಮೆ ಅನ್ನಿಸಬಹುದು. ನಾಲ್ಕೇ ಅಕ್ಷರಗಳ ಲಿಪಿಯಲ್ಲಿ 21 ಸ್ಥಾನ ತುಂಬಬಹುದಾದ ಬಗೆಗಳು 4,39,804 ಕೋಟಿಗೂ ಮೇಲೆ! ರೇಷ್ಮೆಹುಳುವಿನ ಜಿನೋಮ್ 45 ಕೋಟಿ ಅಕ್ಷರ. ಅಂದರೆ ಗೊತ್ತುಪಡಿಸಿದ ಒಂದು 21 ಅಕ್ಷರದ ಸಾಲು ಕಾಕತಾಳೀಯವಾಗಿ ಒಮ್ಮೆ ಎದುರಾಗಬೇಕಾದರೆ ಹತ್ತಿರ ಹತ್ತು ಸಾವಿರ ಜಿನೋಮುಗಳಷ್ಟು ಉದ್ದ ಓದಿಕೊಂಡು ಹೋಗಬೇಕು. ವಿಳಾಸ ಅಷ್ಟು ಖಚಿತ. ಆದರೂ ಸಂಶೋಧಕರು ಇದನ್ನು ಕಣ್ಣು ಮುಚ್ಚಿ ನಂಬುವುದಿಲ್ಲ, ನಂಬಬಾರದು ಕೂಡ. ತುಂಡಿನ ಮೊದಲ ಭಾಗದ ಏಳೇ ಅಕ್ಷರ ಹೊಂದಿದರೂ ಬೇರೆ ಸಂದೇಶಗಳು ಒಂದಿಷ್ಟು ಅದುಮಲ್ಪಡುತ್ತವೆ. ಏಳು ಅಕ್ಷರದ ಬಗೆಗಳು 16,384 ಮಾತ್ರ. ಆ ಲೆಕ್ಕದಲ್ಲಿ 45 ಕೋಟಿ ಅಕ್ಷರಗಳಲ್ಲಿ ಅದು 27 ಸಾವಿರ ಕಡೆ ಸಿಗುತ್ತದೆ. ಅವೆಲ್ಲವೂ ಸಂದೇಶವಾಗಿ ಹೊರಡುವ ಜಾಗಗಳಲ್ಲ, ನಿಜ. ಆದರೆ ಎಡವಲು ಬೇಕಾದಷ್ಟು ಜಾಗ ಇದೆ. ಅದಕ್ಕೇ ಒಂದೇ ಜೀನಿಗೆ ಬೇರೆ ಬೇರೆ ಕಡೆ ಹೊಂದುವ ಎರಡು ಮೂರು ತುಂಡುಗಳನ್ನು ಬಳಸಿ, ಎಲ್ಲವೂ ಒಂದೇ ಫಲ ಕೊಟ್ಟರೆ ಮಾತ್ರ ಒಪ್ಪುವುದು. ಅದರ ಮೇಲೆ, ಆ ತುಂಡಿಗೆ ಸಿಗದಂತೆ ಅಕ್ಷರ ಬದಲಿಸಿದ ಜೀನನ್ನು ಮರಳಿ ಕೊಟ್ಟು ಕೆಲಸ ಮತ್ತೆ ಶುರುವಾಯಿತೇ ಎಂದು ನೋಡುವುದು. ಇಷ್ಟು ಕಟ್ಟುನಿಟ್ಟಿಲ್ಲದ ಪ್ರಯೋಗದ ಮೇಲೆ ನನಗೆ ವಿಶ್ವಾಸ ಬರುವುದಿಲ್ಲ.

ಸಾಗಣೆ ಇನ್ನೊಂದು ತೊಡಕು. ಚಿಟ್ಟೆ ಪತಂಗಗಳ ಗುಂಪಿನ ಕೀಟಗಳಲ್ಲಿ ಆರ್‌ಎನ್‌ಎಯನ್ನು ಬರಿದೇ ಚುಚ್ಚಿದರೆ ಹಲವು ಸಲ ಫಲ ಸಿಗುವುದಿಲ್ಲ. ಕೋಶದೊಳಗೆ ಹೊಕ್ಕು ತಾನೇ ಅದನ್ನು ಕೊಡುತ್ತಲೇ ಇರುವ ಸಾಗಣೆಗಾರ ಬೇಕು. ಆ ಕೆಲಸದಲ್ಲಿ ವೈರಸ್ಸನ್ನು ಮೀರಿಸಿದವರಿಲ್ಲ. ಇಲ್ಲಿಗೆ ನಾವು ಶಿಡ್ಲಘಟ್ಟ, ಚಿಂತಾಮಣಿಯ ರೈತರು ಹೆಸರು ಕೇಳಿದರೇ ಬೆಚ್ಚುವ ಹಾಲುತೊಂಡೆ ರೋಗಕ್ಕೆ ಬಂದೆವು.

ಹಾಲುತೊಂಡೆ ಹತ್ತಿದ ಹುಳುವಿನ ಮೈ ಉಬ್ಬುತ್ತದೆ, ಗೆಣ್ಣುಗಳು ದಪ್ಪವಾಗುತ್ತವೆ, ಚರ್ಮ ಹರಿದು ಹಾಲಿನಂಥ ರಸ ಸೋರುತ್ತದೆ. ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲಿ ಗೊತ್ತುಗುರಿಯಿಲ್ಲದೆ ಓಡಾಡುತ್ತದೆ. ಆ ಓಡಾಟ ಹುಳುವಿನ ಇಚ್ಛೆಯಲ್ಲ. ವೈರಸ್ಸಿನ ಒಂದು ಜೀನು ತೆಗೆದುಹಾಕಿದರೆ ಓಡಾಟ ಕುಗ್ಗುತ್ತದೆ ಎಂದು 2005ರಲ್ಲಿ ಸಾಬೀತಾಯಿತು. ಹುಳುವನ್ನು ನಡೆಸಿ, ತನ್ನ ಕಣಗಳನ್ನು ಎಲ್ಲೆಡೆ ಚೆಲ್ಲಿಸುವ ಜೀನು. ಬಿಎಂಎನ್‌ಪಿವಿ ಎಂಬ ಈ ವೈರಸ್ಸಿನ ಜಿನೋಮ್ 1,28,413 ಅಕ್ಷರ, ಅಂದರೆ ಹುಳುವಿನದರ ಮೂರೂವರೆ ಸಾವಿರದಲ್ಲಿ ಒಂದು ಪಾಲು. ಜಗತ್ತಿನ ರೇಷ್ಮೆ ಬೆಳೆ ನಷ್ಟದಲ್ಲಿ ಅರ್ಧಕ್ಕಿಂತ ಹೆಚ್ಚು ಇದರ ಪಾಲಿಗೆ ಸೇರುತ್ತದೆ ಎಂಬ ಅಂದಾಜಿದೆ.

ಈ ವೈರಸ್ ತನ್ನ ಕಣಗಳನ್ನು ಪಾಲಿಹೆಡ್ರಿನ್ ಎಂಬ ಪ್ರೋಟೀನಿನ ಹರಳಿನೊಳಗೆ ಹೂತಿಡುತ್ತದೆ. ಸೋರುವ ರಸ ಬೆಳ್ಳಗಿರುವುದು ಆ ಹರಳುಗಳಿಂದ. ಸೋಂಕು ಬಲಿತಾಗ ಕೋಶದ ಒಟ್ಟು ಪ್ರೋಟೀನಿನಲ್ಲಿ ಕಾಲುಭಾಗ, ಕೆಲವೊಮ್ಮೆ ಅರ್ಧದಷ್ಟು ಇದೊಂದೇ ಆಗಿರುತ್ತದೆ. ವಿಜ್ಞಾನಿಗಳಿಗೆ ದಾರಿ ತೆರೆದದ್ದು ಇಲ್ಲಿಯೇ: ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ವೈರಸ್ಸಿಗೆ ಹರಳು ಬೇಕಿಲ್ಲ. ಪಾಲಿಹೆಡ್ರಿನ್ ಜೀನು ತೆಗೆದು ಆ ಜಾಗಕ್ಕೆ ನಮಗೆ ಬೇಕಾದದ್ದನ್ನು ಇಡಬಹುದು. ಜಪಾನಿನ ಸುಸುಮು ಮಯೆಡ 1985ರಲ್ಲಿ ಹಾಗೆ ಮಾಡಿ ರೇಷ್ಮೆಹುಳುವಿನ ಮೈಯಲ್ಲೇ ಮನುಷ್ಯರ ಇಂಟರ್‌ಫೆರಾನ್ ತಯಾರಿಸಿದರು. ನಮ್ಮಲ್ಲೂ ಈ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಪಿ. ಗೋಪಿನಾಥನ್ ಅವರ ತಂಡ 1990ರ ದಶಕದಲ್ಲಿ ಸ್ಥಳೀಯ ಬಿಎಂಎನ್‌ಪಿವಿಯನ್ನೇ ಹಿಡಿದು ಪಳಗಿಸಿ, ಅದರ ಮೂಲಕ ರೇಷ್ಮೆಹುಳುವಿನಲ್ಲಿ ಲೂಸಿಫೆರೇಸ್ ಎಂಬ ಬೆಳಕಿನ ಕಿಣ್ವವನ್ನು ಹೇರಳವಾಗಿ ಬರಿಸಿತು. ಅದೇ ಜಾಗಕ್ಕೆ ಹೇರ್‌ಪಿನ್ನಿನಂತೆ ಮಡಚಿಕೊಳ್ಳುವ, ಯಾವುದೋ ಎಟಿಜಿ ಜೀನಿಗೆ ಹೊಂದುವ ಆರ್‌ಎನ್‌ಎಯ ಪಾಠ ಇಟ್ಟರೆ ವೈರಸ್ ಬಾಯಿ ಮುಚ್ಚಿಸುವ ಆಳಾಗುತ್ತದೆ.

ಇದೇ ಬಾಯಿ ಮುಚ್ಚಿಸುವ ಬಾಣವನ್ನು ವೈರಸ್ಸಿನತ್ತ ತಿರುಗಿಸಿದವರು ಜೆ. ನಾಗರಾಜು. ಕೇಂದ್ರ ರೇಷ್ಮೆ ಮಂಡಳಿಯ ಬೆಂಗಳೂರಿನ ರೇಷ್ಮೆ ಜೈವಿಕ ತಂತ್ರಜ್ಞಾನ ಪ್ರಯೋಗಾಲಯದ ಸ್ಥಾಪಕ ನಿರ್ದೇಶಕರಾಗಿದ್ದು, ಆಮೇಲೆ ಹೈದರಾಬಾದಿನ ಸಿಡಿಎಫ್‌ಡಿ ಎಂಬ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದವರು. ಹುಳುವಿನ ಜಿನೋಮಿಗೇ ಹೊಸ ಪಾಠ ಸೇರಿಸಿ, ಹುಳುವೇ ವೈರಸ್ಸಿನ ಜೀನುಗಳ ಬಾಯಿ ಮುಚ್ಚಿಸುವಂತೆ ಅವರ ತಂಡ ಮಾಡಿತು. 2007ರಲ್ಲಿ ಒಂದು ಜೀನಿಗೆ, ಆಮೇಲೆ ಏಕಕಾಲಕ್ಕೆ ಹಲವು ಜೀನುಗಳಿಗೆ. ಆ ಎರಡನೆಯ ಪ್ರಬಂಧ ಅಚ್ಚಾದದ್ದು 2013ರ ಜನವರಿಯಲ್ಲಿ. ನಾಗರಾಜು 2012ರ ಡಿಸೆಂಬರ್ 31ರಂದು ತೀರಿಕೊಂಡಿದ್ದರು. ರೇಷ್ಮೆ ನಂಬಿ ಬದುಕುವ ನಮ್ಮ ಊರುಗಳಲ್ಲಿ ಈ ಹೆಸರು ಮನೆಮಾತಾಗದಿರುವುದು ನನಗೆ ಬೇಸರದ ಸಂಗತಿ.

ಹುಳುವಿನಾಚೆ, ಮನುಷ್ಯರ ಮತ್ತು ಇಲಿಗಳ ಕೋಶಗಳಲ್ಲಿ ಎಟಿಜಿ ಜೀನು ಅಡಗಿಸಲು ಬಳಸುವ ವಾಹನಗಳು ಬೇರೆ. ಏಡ್ಸ್ ವೈರಸ್ಸಿನ ಹಲ್ಲು ಕಿತ್ತು ಮಾಡಿದ ಲೆಂಟಿವೈರಸ್ ಒಂದು, ಎಎವಿ ಎಂಬ ಪುಟ್ಟ ವೈರಸ್ ಇನ್ನೊಂದು. ಎಎವಿಯ ಅಡ್ಡಳತೆ 25 ನ್ಯಾನೋಮೀಟರ್, ಹೊರುವ ಹೊರೆ 4,700 ಅಕ್ಷರ. ಒಂದು ಲಕ್ಷ ಕೋಟಿ ಎಎವಿ ಕಣಗಳನ್ನು ಒಟ್ಟುಗೂಡಿಸಿದರೆ ತೂಕ ಸುಮಾರು 9 ಮೈಕ್ರೋಗ್ರಾಂ. ಒಂದು ರೇಷ್ಮೆ ಮೊಟ್ಟೆಯ ತೂಕಕ್ಕೆ ಸಮ ಬರಬೇಕಾದರೆ 50 ಲಕ್ಷ ಕೋಟಿಗೂ ಹೆಚ್ಚು ಕಣ ಬೇಕು. ನಮ್ಮ ಇಡೀ ದೇಹದಲ್ಲಿರುವ ಕೋಶಗಳೇ ಸುಮಾರು 30 ಲಕ್ಷ ಕೋಟಿ. ಮೊಟ್ಟೆಯಷ್ಟು ತೂಕದ ವೈರಸ್ಸನ್ನು ಹಂಚಿದರೆ ಕೋಶಕ್ಕೊಂದು ಕೊಟ್ಟೂ ಮಿಕ್ಕುತ್ತದೆ.

ಬಾಯಿ ಮುಚ್ಚಿತೋ ಇಲ್ಲವೋ ತಿಳಿಯುವುದು ಹೀಗೆ. ಎಟಿಜಿ8ರ ಸಂಬಂಧಿಯಾದ ಎಲ್‌ಸಿ3 ಎಂಬ ಪ್ರೋಟೀನಿಗೆ ಹಸಿರು ಹೊಳಪು ಅಂಟಿಸಿರುತ್ತಾರೆ. ಕೋಶವನ್ನು ಉಪವಾಸ ಕೆಡವಿದಾಗ ಚೀಲಗಳು ಹುಟ್ಟಿ ಸೂಕ್ಷ್ಮದರ್ಶಕದಲ್ಲಿ ಹಸಿರು ಚುಕ್ಕೆಗಳು ಎದ್ದು ಕಾಣುತ್ತವೆ. ಎಟಿಜಿ5 ಅಥವಾ ಎಟಿಜಿ7 ಅಡಗಿಸಿದ ಕೋಶದಲ್ಲಿ ಚುಕ್ಕೆಗಳು ಏಳುವುದಿಲ್ಲ. ಹೊಳಪು ಕೋಶದ ತುಂಬ ಮಬ್ಬಾಗಿ ಹರಡಿಕೊಂಡೇ ಇರುತ್ತದೆ, ಅರಗಬೇಕಾಗಿದ್ದ ಪಿ62 ಎಂಬ ಪ್ರೋಟೀನು ಕಸದ ಹಾಗೆ ಶೇಖರವಾಗುತ್ತದೆ. ಇಡೀ ಪ್ರಾಣಿಯಲ್ಲಿ ಈ ಜೀನು ಇಲ್ಲದಿದ್ದರೆ? 2004ರಲ್ಲಿ ಜಪಾನಿನ ತಂಡವೊಂದು ನೋಡಿತು. ಎಟಿಜಿ5 ಇಲ್ಲದ ಇಲಿಮರಿ ನೋಡಲು ಸರಿಯಾಗಿಯೇ ಹುಟ್ಟುತ್ತದೆ. ಹಾಲಿಲ್ಲದೆ ಬಿಟ್ಟರೆ ಸಾಮಾನ್ಯ ಮರಿ ಸುಮಾರು 21 ಗಂಟೆ ಬದುಕಿದರೆ ಇದು ಬದುಕುವುದು 12 ಗಂಟೆ. ಹೊಕ್ಕುಳಬಳ್ಳಿ ಕಡಿದು ಮೊದಲ ಹಾಲು ಸಿಗುವವರೆಗಿನ ಹಸಿವನ್ನು ದಾಟಿಸುವುದು ಕೋಶದ ಈ ಸ್ವಂತ ಊಟ. ಎಷ್ಟು ಗಂಟೆ ಉಪವಾಸಕ್ಕೆ ನಮ್ಮ ಮೈಯಲ್ಲಿ ಎಷ್ಟು ಆಟೊಫೇಜಿ ಎಂದು ಮೊಬೈಲಿನಲ್ಲಿ ಪಟ್ಟಿ ಕೊಡುವವರ ಮಾತನ್ನು ಮಾತ್ರ ನಂಬಬೇಡಿ. ಹಾಗೆ ಗಂಟೆ ಹಿಡಿದು ಹೇಳುವಷ್ಟು ಅಳತೆ ಮನುಷ್ಯರಲ್ಲಿ ಆಗಿಲ್ಲ.

ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಬರುವ ಹೆದ್ದಾರಿಯ ಪಕ್ಕದ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಅಲ್ಲಿ ರವಿ ಮಂಜಿತ್ತಾಯ ಅವರ ತಂಡ ಆಟೊಫೇಜಿಯನ್ನೇ ಅಧ್ಯಯನ ಮಾಡುತ್ತದೆ. ಆಟೊಫೇಜಿಯನ್ನು ಚುರುಕುಗೊಳಿಸುವ ಒಂದು ಸಂಯುಕ್ತ ಪಾರ್ಕಿನ್ಸನ್ ಮಾದರಿಯ ಇಲಿಗಳ ಮಿದುಳಿನಲ್ಲಿ ಶೇಖರವಾಗುವ ಪ್ರೋಟೀನು ಮುದ್ದೆಯನ್ನು ತಗ್ಗಿಸುತ್ತದೆಂದು 2017ರಲ್ಲಿ ಅವರು ತೋರಿಸಿದರು. ಇತ್ತ ನಮ್ಮದೇ ಸೀಮೆಯ ಗೌರಿಬಿದನೂರಿನ ಬಳಿ 1.4 ಕಿಲೋಮೀಟರ್ ತೋಳು ಚಾಚಿದ ರೇಡಿಯೊ ದೂರದರ್ಶಕ 1970ರ ದಶಕದಿಂದ ಆಕಾಶವನ್ನು ಆಲಿಸಿದೆ. ಅತಿ ದೊಡ್ಡದನ್ನು ಅಳೆಯುವ ಕೆಲಸಕ್ಕೆ ಈ ನೆಲ ಜಾಗ ಕೊಟ್ಟಿದೆ. ಅತಿ ಚಿಕ್ಕದರ ವಿಷಯದಲ್ಲಿ ಮಾತ್ರ, ಹುಳು ಇಲ್ಲಿ ಬೆಳೆದರೂ ಅದರ ಕೋಶ ನೋಡಲು ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕು.

ನೋಡಬೇಕಾದದ್ದು ಬೇಕಾದಷ್ಟಿದೆ. ಹಾಲುತೊಂಡೆ ವೈರಸ್ ಹುಳುವಿನ ಕೋಶದಲ್ಲಿ ಆಟೊಫೇಜಿಯನ್ನು ತಾನೇ ಎಬ್ಬಿಸಿ, ಅದರಿಂದ ತನ್ನ ಸಂತಾನ ಹೆಚ್ಚಿಸಿಕೊಳ್ಳುತ್ತದೆ ಎಂದು 2018ರಲ್ಲಿ ಚೀನಾದ ಸಂಶೋಧಕರು ವರದಿ ಮಾಡಿದರು. ಹಾಗಾದರೆ ಯಾವ ಎಟಿಜಿ ಜೀನನ್ನು ಯಾವ ದಿನ, ಎಷ್ಟು ಅಡಗಿಸಿದರೆ ವೈರಸ್ಸಿಗೆ ಪೆಟ್ಟು ಬಿದ್ದು ಹುಳುವಿಗೆ ತೊಂದರೆಯಾಗದು? ನೂಲು ಸುತ್ತುವವರೆಗೆ ಗ್ರಂಥಿಯನ್ನು ಕಾಯ್ದು, ಆಮೇಲೆ ಕೆಡವಲು ಬಿಡುವುದು ಹೇಗೆ? ನಮ್ಮ ಮಿಶ್ರತಳಿಯಲ್ಲಿ, ನಮ್ಮ ಬೇಸಿಗೆಯ ಬಿಸಿಯಲ್ಲಿ, ನಮ್ಮ ಊರಿನ ವೈರಸ್ ತಳಿಯ ಎದುರು ಇದನ್ನು ಪರೀಕ್ಷಿಸುವವರು ಬೇಕು. ಚಿಂತಾಮಣಿಯಲ್ಲಿ 1995ರಿಂದ ರೇಷ್ಮೆ ಕೃಷಿ ಕಾಲೇಜಿನ ಪರಂಪರೆ ಇದೆ. ಕೋಶ ಬೆಳೆಸುವ, ವೈರಸ್ ವಾಹಕ ತಯಾರಿಸುವ ಸುರಕ್ಷಿತ ಪ್ರಯೋಗಾಲಯವೊಂದನ್ನು ಸರ್ಕಾರ ಅಲ್ಲಿಯೇ ಕಟ್ಟಿಕೊಡಬೇಕು. ಅಲ್ಲಿ ಓದುವ ಹುಡುಗ ಹುಡುಗಿಯರೇ, ಈ ಪ್ರಶ್ನೆಗಳನ್ನು ನಿಮ್ಮ ಮೇಷ್ಟ್ರುಗಳ ಮುಂದೆ ಇಡಿ. ಹುಳುವಿನ ಗ್ರಂಥಿ ಬಿಡಿಸಿ ನೋಡಲು ಒಂದು ಚಿಮಟ, ಒಂದು ಕತ್ತರಿ, ಒಂದು ಬಟ್ಟಲು ಉಪ್ಪುನೀರು ಸಾಕು. ಆ ಕೆಲಸವನ್ನು ಈ ಬೆಳೆಯಲ್ಲೇ ಶುರುಮಾಡಬಹುದು.